ಪಾಲು

ಕುಮಾನಾದ ದಡದಲ್ಲಿ ಬಲೆ ಎಳೆದಾದ ಮೇಲೆ
ಎಲಾದಿಯೊ ಮಾವ ಮರಳ ಮೇಲೆ ಗುಡ್ಡೆ ಹಾಕುತ್ತಾನೆ:
ದೋಣಿಗೊಂದು, ಬಲೆಗೊಂದು, ಮೋಟಾರಿಗೆ ಅರ್ಧ,
ಮಿಕ್ಕದ್ದು ಹಗ್ಗ ಹಿಡಿದ ಕೈಗಳಿಗೆ.
ಹೆಜ್ಜಾರ್ಲೆ ಓಡಿಸಿದ ಪೋರನಿಗೂ ಒಂದು ಬೊಗಸೆ.
ಜಗಳ ಆಗುತ್ತದೆ. ಆದರೆ ಎದುರಾಎದುರೇ ಆಗುತ್ತದೆ.

ರಾತ್ರಿ ಕರೆಂಟು ಬಂದಾಗ ನಾನು ಬರೆಯುತ್ತೇನೆ,
ಗಾಜೊಡೆದ ಫೋನಿನಲ್ಲಿ,
ಹರಿದ ಬಲೆಯ ಕಣ್ಣು ಕಟ್ಟುವುದು ಹೇಗೆಂದು,
ಒಂಬತ್ತು ಚಿತ್ರ ಸಮೇತ.
ಇಲ್ಲಿ ಯಜಮಾನರಿಲ್ಲ ಎಂದಿದ್ದರು.
ಮೆಚ್ಚಿದವರ ಕೈಯೇ ತಕ್ಕಡಿ ಎಂದಿದ್ದರು.
ಏಳು ದಿನಕ್ಕೆ ಬಂದದ್ದು ಮೂರು ಸೆಂಟು.
ಅದೇ ವಾರ ಯಾರೋ ಒಬ್ಬ
ಕಾಫಿ ಲೋಟದ ಚಿತ್ರ ಹಾಕಿ ಶುಭೋದಯ ಎಂದ,
ತನಗೆ ತಾನೇ ಓಟು ಒತ್ತಿಕೊಂಡ.
ನಲವತ್ತು ಡಾಲರು.
ಟೋಕನ್ ಹೆಚ್ಚಿದ್ದವನ ಬೆರಳು ಹೆಚ್ಚು ತೂಗುತ್ತದಂತೆ.
ಅಂಥವರನ್ನು ಅಲ್ಲಿ ತಿಮಿಂಗಿಲ ಅನ್ನುತ್ತಾರೆ.
ಮಾವನಿಗೆ ಹೇಳಿದೆ. ನಕ್ಕ:
"ತಿಮಿಂಗಿಲ ಯಾವತ್ತು ಬಂದಿತ್ತು ಬಲೆ ಎಳೆಯೋಕೆ?"

ಬರೆದದ್ದು ಅಳಿಸದ ಖಾತೆ ಅದು,
ಸರಪಳಿಯ ಕೊಂಡಿಕೊಂಡಿಯೂ ಸಾಕ್ಷಿ.
ಸರಿ. ನನ್ನ ಮೂರು ಸೆಂಟೂ ಅಳಿಸುವುದಿಲ್ಲ,
ಅವನ ನಲವತ್ತೂ.
ಕೂಡಿ ಕಳೆದು ನೋಡಿದೆ, ಲೆಕ್ಕ ಎಲ್ಲೂ ತಪ್ಪಿಲ್ಲ.

ಇವತ್ತು ನನ್ನಲ್ಲಿ ಉಳಿದದ್ದು ಒಂದೇ ಓಟು.
ನನಗೇ ಒತ್ತಿಕೊಳ್ಳಬಹುದಿತ್ತು;
ಬೆರಳು ಅಲ್ಲಿಯವರೆಗೆ ಹೋಗಿತ್ತು ಕೂಡ.
ನೈಜೀರಿಯದ ಉಯೋ ಊರಿನ ಇದಾರಾ ಎಂಬಾಕೆ
ಹಳೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ಬಗ್ಗೆ ಬರೆದಿದ್ದಳು,
ಯಾರೂ ಓದಿರಲಿಲ್ಲ.
ಕೊಟ್ಟೆ.
ಸೊನ್ನೆ ಬಿಂದು ಸೊನ್ನೆ ಸೊನ್ನೆ ಒಂದು,
ಸಾರ್ಡೀನ್ ಮರಿಯ ಬಾಲದಷ್ಟು.

ಅಷ್ಟರಲ್ಲಿ ಕರೆಂಟು ಹೋಯಿತು.
ಅವಳಿಗೆ ಮುಟ್ಟಿತೋ ಇಲ್ಲವೋ,
ಬೆಳಿಗ್ಗೆ ನೋಡಬೇಕು.