ಹದಿಮೂರನೆಯ ವಿಭಕ್ತಿ

ಗ್ರಂಥಾಲಯದ ಪುಸ್ತಕ ನಾಲ್ಕು, ಒಪ್ಪಿಸಿಯಾಯಿತು.
ಸೈಕಲ್ಲಿನ ಬೀಗದ ಕೈ ಪಕ್ಕದ ಮನೆಯ ಎಂಡೆಲನಿಗೆ.
ಉಳಿದದ್ದು ಜಾಡಿಗಳು,
ಐದು ತಿಂಗಳಲ್ಲಿ ನಾನು ಬಳಿದು ಖಾಲಿ ಮಾಡಿದ
ಹನ್ನೊಂದು ಗಾಜಿನ ಜಾಡಿ.
ತೊಳೆದು, ಟವೆಲಿನಲ್ಲಿ ಸುತ್ತಿ ಇಳಿಸುತ್ತಿದ್ದೇನೆ
ಹೆಲ್ಯುವಿನ ಅಡುಗೆಮನೆಗೆ.
ಮರದ ಮೆಟ್ಟಿಲು, ಒಂಬತ್ತನೆಯದು ಕಿರುಗುಟ್ಟುತ್ತದೆ.
ತಾರ್ತುವಿನ ಜನವರಿ; ನಾಲ್ಕಕ್ಕೆಲ್ಲ ಕತ್ತಲು.

ಬಂದ ವಾರ ಆಕೆ ಕೇಳಿದ್ದಳು: "ಮೋಸ್?"
ಬೆಚ್ಚಿಬಿದ್ದಿದ್ದೆ.
ಮುಂಗಡ ಕೊಟ್ಟು ಇನ್ನೂ ಮೂರು ದಿನವಾಗಿರಲಿಲ್ಲ.
ಆಕೆ ಚಮಚ ಎತ್ತಿ ತೋರಿಸಿದಳು.
ಎಸ್ಟೋನಿಯಾದವರು ಜಾಮಿಗೆ ಮೋಸ್ ಅನ್ನುತ್ತಾರೆ.
ಫೋನಿನಲ್ಲಿ ತಂಗಿ ನಕ್ಕಿದ್ದೇ ನಕ್ಕಿದ್ದು:
"ದಿನಾ ಬೆಳಿಗ್ಗೆ ಬ್ರೆಡ್ಡಿಗೆ ಮೋಸ ಸವರಿಕೊಂಡು ತಿನ್ನು."

ಏಳು ವಿಭಕ್ತಿಗೇ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತವಳು;
ಇಲ್ಲಿ ಹದಿನಾಲ್ಕು.
ಒಳಕ್ಕೆ, ಒಳಗೆ, ಒಳಗಿನಿಂದ,
ಮೇಲಕ್ಕೆ, ಮೇಲೆ, ಮೇಲಿನಿಂದ,
ಅಲ್ಲಿಯತನಕ ಎನ್ನಲೂ ಒಂದು.
ಕೊನೆಯವೆರಡು ಹೀಗೆ:
ಪದದ ಬಾಲಕ್ಕೆ 'ತ' ಹತ್ತಿದರೆ ಇಲ್ಲದೆ, 'ಗ' ಹತ್ತಿದರೆ ಜೊತೆಗೆ.
ಇಲ್ಲ ಎನ್ನಲು ನಮಗೆ ಇಡೀ ಒಂದು ಪದ ಬೇಕು,
ತಲೆಯೂ ಆಡಬೇಕು, ಕೈಯೂ ಆಡಬೇಕು.
ಇವರಿಗೆ ಒಂದಕ್ಷರ ಸಾಕು.
ಮೋಸಿಗ, ಜಾಮಿನ ಜೊತೆ. ಮೋಸಿತ, ಜಾಮಿಲ್ಲದೆ.
ಮೊನ್ನೆ ಮೌಖಿಕ ಪರೀಕ್ಷೆಯಲ್ಲಿ ಎರಡನ್ನೂ ಅದಲುಬದಲು ಮಾಡಿ
ಟೋಪಿಯಿಲ್ಲದೆ ಬೆಚ್ಚಗಿದ್ದೇನೆ ಎಂದೆ.
ತೀಯು ಮೇಡಂ ಕಿಟಕಿಯಾಚೆ ನೋಡಿದರು:
ಸೊನ್ನೆಗಿಂತ ಹದಿನೇಳು ಕೆಳಗೆ.

ನಾನು ಬಾಯಿ ತೆರೆದರೆ ಸಾಕು
ಅಂಗಡಿಯವರು ಇಂಗ್ಲಿಷಿಗೆ ಹೊರಳುತ್ತಿದ್ದರು,
ಮುದುಕರ ಕೈಹಿಡಿದು ರಸ್ತೆ ದಾಟಿಸುವವರ ಹಾಗೆ.
ಎಂಡೆಲ್ ಒಬ್ಬ ಹೊರಳಲಿಲ್ಲ.
ಇಂಗ್ಲಿಷು ಬಾರದು; ಮಾತೇ ಹೆಚ್ಚು ಬಾರದು.
ಕೊಡಲಿ ಇಳಿಸಿ, ನನ್ನ ವಾಕ್ಯ ಕುಂಟುತ್ತ ಮನೆ ಸೇರುವವರೆಗೆ ಕಾದು
"ನೋಹ್" ಎನ್ನುತ್ತಿದ್ದ.
ಹ್ಞೂಂ, ಸರಿ ಬಿಡು, ಆಮೇಲೆ, ಆಯ್ತಲ್ಲ,
ನಮ್ಮವೆಲ್ಲ ಅದೊಂದರೊಳಗೆ.

ಹೆಲ್ಯು ಜಾಡಿ ಎಣಿಸಿದಳು.
ಒಲೆಯ ಬಾಗಿಲು ತೆರೆದು ಕೆಂಡ ಕೆದಕಿದಳು.
ಈಗ ಹೇಳಬೇಕು.
ಹೋಗ್ತೀನಿ ಅನ್ನುವುದು ನನ್ನ ಬಾಯಿಗೆ ಬರುವುದಿಲ್ಲ.
ಸಾವಿನ ಮನೆಯೊಂದನ್ನು ಬಿಟ್ಟು
ಎಲ್ಲ ಹೊಸ್ತಿಲಲ್ಲೂ ನಾವು ಬರ್ತೀನಿ ಎನ್ನುವವರು.
"ತುಲೆನ್" ಅಂದೆ. ಬರ್ತೀನಿ.

"ಯಾವಾಗ?"
ಗೋಡೆಯ ಕ್ಯಾಲೆಂಡರು ಇಳಿಸಿ
ದಾರಕ್ಕೆ ಕಟ್ಟಿದ ಪೆನ್ಸಿಲು ಹಿಡಿದು ಕೂತೇಬಿಟ್ಟಳು.
ಮಾರ್ಚ್? ಹಾಳೆ ಮಗುಚಿದಳು.
ಜೂನ್? ಆಗ ಸ್ಟ್ರಾಬೆರಿ ಬಂದಿರುತ್ತದೆ. ಆಗಸ್ಟ್?
ಹಾಗಲ್ಲ, ನಮ್ಮ ಕಡೆ ಸುಮ್ಮನೆ ಹೇಳುತ್ತೇವೆ, ಎನ್ನಹೊರಟೆ.
ಸುಮ್ಮನೆ ಎಂಬುದಕ್ಕೆ ಅವಳ ಪದ ತಿಳಿಯದೆ
ವಾಕ್ಯದ ನಡುವೆಯೇ ನಿಂತೆ.
ಸೌದೆ ಒಮ್ಮೆ ಚಿಟಿಲೆಂದಿತು.
ಕ್ಯಾಲೆಂಡರು ಮೊಳೆಗೆ ಹೋಯಿತು, ಇನ್ನೂ ಜನವರಿ.

ಹನ್ನೊಂದರಲ್ಲಿ ಒಂದನ್ನು ಕಂಠದವರೆಗೆ ತುಂಬಿಸಿ
ಮುಚ್ಚಳ ತಿರುಗಿಸಿ ಕೈಗಿಟ್ಟಳು.
"ಜಾಡಿ ನನ್ನದು" ಅಂದಳು. ಅಷ್ಟೇ.

ಪೆಟ್ಟಿಗೆಯಾಗಲೇ ಇಪ್ಪತ್ತಮೂರು ಕಿಲೋ.
ಕೈಚೀಲದಲ್ಲಿ ಜಾಮು ಬಿಡುವುದಿಲ್ಲ.
ಟಾಲಿನ್ನಿನ ಬಸ್ಸಿನಲ್ಲಿ, ಹಿಮ ಹೊತ್ತ ಬರ್ಚ್ ಮರಗಳು ಹಿಂದೆ ಹಿಂದೆ ಓಡುವಾಗ,
ಪೆನ್ನಿನ ಮುಚ್ಚಳದಿಂದ ಗೋರಿ ಗೋರಿ ತಿಂದೆ.
ಹೊಟ್ಟೆ ತೊಳಸಿತು. ಬಿಡಲಿಲ್ಲ.
ನಿಲ್ದಾಣದ ನಲ್ಲಿಯಲ್ಲಿ ತೊಳೆದು
ಅಂಗಿಯ ತುದಿಯಿಂದ ಒರೆಸಿದೆ.

ತಪಾಸಣೆಯ ಹುಡುಗಿ ಜಾಡಿಯನ್ನು ದೀಪಕ್ಕೆ ಹಿಡಿದಳು.
ಒಳಗೇನು, ಎಂದಳು ಇಂಗ್ಲಿಷಿನಲ್ಲಿ.
"ಮೋಸಿತ."
ಜಾಡಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.
"ನೋಹ್" ಅಂದು
ಕೈಗೆ ಕೊಟ್ಟಳು.