ಒಂದು ಪದ ತೆಗೆದಿದ್ದೇನೆ

ವಾರ್ಡೋದಲ್ಲಿ ನವೆಂಬರ್ ಕೊನೆಗೆ ಮುಳುಗಿದ ಸೂರ್ಯ
ಜನವರಿ ಅರ್ಧ ಕಳೆದರೂ ಎದ್ದಿಲ್ಲ.
ಬಂದರಿನ ದೀಪದ ಕೆಳಗೆ ಬಿಟ್ಟರೆ
ಇಲ್ಲಿ ಯಾರಿಗೂ ನೆರಳೆಂಬುದಿಲ್ಲ.
ಆದರೂ ಕಂಪೈಲರ್ ಬಡಬಡಿಸುತ್ತಿದೆ: ನೆರಳು, ನೆರಳು,
ಇನ್ನೂರ ಹದಿನಾಲ್ಕು ಕಡೆ ನೆರಳು.

ಮೀನಿನ ಕಾರ್ಖಾನೆಯ ತಕ್ಕಡಿಗೆಂದು
ಟುರ್ಮೋದ್ ಬರೆದ ಸಿ ಕೋಡು ಇದು.
ಹತ್ತೊಂಬತ್ತು ವರ್ಷ ಓಡಿದೆ, ಒಮ್ಮೆಯೂ ಕೆಮ್ಮದೆ.
ಎಚ್ಚರಿಕೆಗಳ ಬಾಯಿಗೆ ಅವನೇ ಬಟ್ಟೆ ತುರುಕಿದ್ದ.
ಹೊಸ ಕಂಪೈಲರ್ ಹಾಕಿದ ದಿನ
ನಾನು, ಬರೀ ಕುತೂಹಲಕ್ಕೆ, ಬಟ್ಟೆ ತೆಗೆದೆ.

ಮೊದಮೊದಲಿನವು ಸುಲಭ.
ಲೂಪಿನೊಳಗೊಂದು ಐ, ಅದರ ಹೊಟ್ಟೆಯಲ್ಲಿ ಇನ್ನೊಂದು ಐ;
ಒಳಗಿನದಕ್ಕೆ ಜೆ ಎಂದು ಹೆಸರಿಟ್ಟು ಮುಂದೆ ಹೋದೆ.
ನಮ್ಮ ಬೀದಿಯಲ್ಲೂ ಇದ್ದಾರಲ್ಲ,
ಅಜ್ಜ, ಮೊಮ್ಮಗ, ಇಬ್ಬರೂ ಪೆಡರ್.
ಕರೆದರೆ ಹತ್ತಿರವಿದ್ದವನು ಓಗೊಡುತ್ತಾನೆ.
ದೂರದವನೂ ಬದುಕಿಯೇ ಇರುತ್ತಾನೆ, ಸುಮ್ಮನೆ,
ತನ್ನ ಬೆಲೆ ತಾನು ಹಿಡಿದುಕೊಂಡು.

ನೂರ ಎಪ್ಪತ್ತು ದಾಟಿದ ಮೇಲೆ
ಕಣ್ಣು ಓದುವುದಿಲ್ಲ, ಬೆರಳು ಓದುತ್ತದೆ.
ನೂರ ತೊಂಬತ್ತೊಂದನೆಯದಕ್ಕೂ
ಹೊಸ ಹೆಸರು ಅರ್ಧ ಒತ್ತಿಬಿಟ್ಟಿದ್ದೆ.

ಅದರ ಹೆಸರು ಎರರ್.
ಹೊರಗೊಂದು ಎರರ್, ಬೆಲೆ ಸೊನ್ನೆ, ಅಂದರೆ ಎಲ್ಲ ಕ್ಷೇಮ.
ಪುಷ್ಪಾವರಣದೊಳಗೆ ಮತ್ತೊಂದು ಎರರ್:
ತಟ್ಟೆಯ ಅಂಚು ಮಂಜಿಗೆ ಅಂಟಿದೆಯೇ ಎಂದು ಕೇಳಿ
ಉತ್ತರ ಹಿಡಿದುಕೊಳ್ಳುವುದು ಅದರ ಕೆಲಸ.
ಅಂಟಿದ್ದರೆ ಕೂಗುತ್ತದೆ.
ಅಷ್ಟರಲ್ಲಿ ಆವರಣ ಮುಚ್ಚುತ್ತದೆ,
ಕೂಗಿದ್ದು ಅಲ್ಲೇ ಸಾಯುತ್ತದೆ,
ಹೊರಗಿನದು ತನ್ನ ಸೊನ್ನೆಯನ್ನು ಮೇಲಕ್ಕೊಯ್ದು ಒಪ್ಪಿಸುತ್ತದೆ:
ಕ್ಷೇಮ.
ಮರವೊಂದು ನೆಟ್ಟಗೆ ನಿಲ್ಲದ ಈ ದ್ವೀಪದಲ್ಲಿ
ಆ ಬಳುಕಿನ ಗೆರೆಗೆ ಹೂವಿನ ಹೆಸರು.

ಹಿಲ್ಮಾರ್ ನೆನಪಾದ.
ಪ್ರತಿ ಫೆಬ್ರವರಿ ಹಳದಿ ಕೈಗವಸು ಮೇಜಿನ ಮೇಲೆಸೆದು
"ಚಳಿ ಹೆಚ್ಚಿದ ಬೆಳಿಗ್ಗೆ ನನ್ನ ಮೀನು ಹಗುರಾಗುತ್ತದೆ" ಎನ್ನುತ್ತಿದ್ದವನು.
ನಾವು ಕಾಫಿ ಕೊಡುತ್ತಿದ್ದೆವು.
ಯಂತ್ರಕ್ಕೆ ನಿನ್ನ ಮೇಲೇನು ಹಗೆ, ಎಂದಿದ್ದೆ ಒಮ್ಮೆ, ನಾನೇ,
ಪರದೆ ಅವನ ಕಡೆ ತಿರುಗಿಸಿ
ಆ ಸೊನ್ನೆ ತೋರಿಸಿ.
ದೋಣಿ ಮಾರಿದ. ಈಗ ಕಿರ್ಕೆನೆಸ್‌ನಲ್ಲಿ
ಹಿಮ ಗೋರುವ ಗಾಡಿ ಓಡಿಸುತ್ತಾನಂತೆ.
ಮಾರಿದ್ದು ಇದಕ್ಕೇ ಎಂದು ಹೇಳಲಾರೆ;
ಅವನಿಗೆ ಮೊಣಕಾಲೂ ನೋಯುತ್ತಿತ್ತು.

ಇಲ್ಲಿ ಹೊಸ ಹೆಸರಿಟ್ಟರೆ
ಕಂಪೈಲರ್ ಸುಮ್ಮನಾಗುತ್ತದೆ, ತಪ್ಪು ಉಳಿಯುತ್ತದೆ,
ಇನ್ನಷ್ಟು ಚೊಕ್ಕವಾಗಿ.
ಬೇಕಾದದ್ದು ಹೆಸರಲ್ಲ. ಅದರ ಮುಂದಿನ 'ಇಂಟ್' ತೆಗೆಯಬೇಕು.
ಒಳಗಿನದು ತಾನು ಬೇರೆ ಹುಟ್ಟಿದೆನೆಂಬುದನ್ನು ಬಿಟ್ಟು
ಹೊರಗಿನದೇ ಆಗಬೇಕು.
ತೆಗೆದೆ.
ತಟ್ಟೆಯಂಚಿಗೆ ನೀರು ಚಿಮುಕಿಸಿ, ಕಿಟಕಿ ತೆರೆದಿಟ್ಟು,
ಕೋಟು ತೊಟ್ಟು ಕೂತೆ.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಕೆಂಪು ದೀಪ ಹೊತ್ತಿತು.

ಬದಲಾವಣೆಯ ಟಿಪ್ಪಣಿಯಲ್ಲಿ ಏನು ಬರೆಯಲಿ?
'ನೆರಳಿನ ಎಚ್ಚರಿಕೆ ಸರಿಪಡಿಸಿದೆ.' ಬರೆದು ಅಳಿಸಿದೆ.
'ಒಂದು ಪದ ತೆಗೆದಿದ್ದೇನೆ. ಹಿಲ್ಮಾರ್ ಹೇಳಿದ್ದು ನಿಜ.'
ಅಷ್ಟರಲ್ಲಿ ಕೋಟೆಯಿಂದ ತೋಪು ಹಾರಿತು:
ಸೂರ್ಯನ ಪೂರ್ತಿ ಬಿಂಬ ಕಂಡಿದೆ, ಶಾಲೆಗೆ ರಜೆ.
ಮಕ್ಕಳು ಕಿರುಚುತ್ತ ಬೀದಿಗಿಳಿದರು,
ಒಬ್ಬೊಬ್ಬರ ಹಿಂದೆಯೂ ನಾಲ್ಕಾಳುದ್ದದ ನೀಲಿ ನೆರಳು.

ಟುರ್ಮೋದ್‌ಗೆ ಫೋನ್ ಮಾಡಲಿಲ್ಲ.
ಹಿಲ್ಮಾರ್‌ನ ನಂಬರು ಸಿಕ್ಕಿದೆ, ಕಾಗದದ ಚೂರಿನಲ್ಲಿದೆ.
ಬಾಕಿ ಇರುವುದು ಇಪ್ಪತ್ತಮೂರು.
ಅವಕ್ಕಿಂತ ಮೊದಲು, ಸರಸರ ಹೆಸರು ಬದಲಿಸಿ ಮುಗಿಸಿದೆನಲ್ಲ,
ಆ ನೂರ ತೊಂಬತ್ತು.