ಮೂರನೆಯ ಸಲದ ತಂಪು

ಮಿಲ್ಡುರಾದಲ್ಲಿ ಜನವರಿ ಅಂದರೆ
ಸ್ಟೀರಿಂಗಿಗೆ ಒದ್ದೆ ಟವೆಲು ಸುತ್ತುವ ತಿಂಗಳು.
ನನ್ನದು ಡ್ರೈವಿಂಗ್ ಕಲಿಸುವ ಕಸುಬು.
ಕಾರಿನ ನೆತ್ತಿಗೆ ಹಳದಿ ಎಲ್ ಬೋರ್ಡು,
ನನ್ನ ಕಾಲಡಿಗೆ ಒಂದು ಹೆಚ್ಚಿನ ಬ್ರೇಕು,
ಎದುರಿನ ಕಿಂಡಿಯಿಂದ
ರೊಟ್ಟಿ ಹಂಚಿನ ಮುಂದೆ ಯಾರೋ
ಉಸಿರು ಬಿಟ್ಟಂಥ ಗಾಳಿ.

ಗ್ಯಾರೇಜಿನವನ ಹೆಸರು ರೊಕ್ಕೊ.
ಗದಗಿನ ಕಡೆಯ ನನಗೆ
ಇಷ್ಟು ಬಿಚ್ಚುಮನಸ್ಸಿನಿಂದ ಯಾರೂ
ತಮ್ಮ ಪರಿಚಯ ಹೇಳಿಕೊಂಡಿರಲಿಲ್ಲ.
ಅರ್ಥ ಬಿಡಿಸಿ ಹೇಳಿದೆ. ಹೊಟ್ಟೆ ಹಿಡಿದು ನಕ್ಕ.
ನಕ್ಕು ಮುಗಿಸಿ ಬಿಲ್ಲು ಬರೆದ.

ಮೊದಲ ಸಲ ಗ್ಯಾಸು ತುಂಬಿಸಿದ್ದು ಹನ್ನೊಂದು ದಿನ ಬಂತು.
ಹನ್ನೆರಡನೆಯ ದಿನ, ರೌಂಡಬೌಟಿನ ನಡುಮಧ್ಯೆ,
ಮಾಸುಮಾ ಕ್ಲಚ್ಚು ಬಿಟ್ಟು, ಸ್ಟೀರಿಂಗು ಬಿಟ್ಟು,
ತಲೆವಸ್ತ್ರದ ಚುಂಗಿನಿಂದ ಗಾಳಿ ಹಾಕಿಕೊಂಡಳು.
ಗಜ್ನಿಯಿಂದ ಬಂದವಳು, ಐವತ್ತೆರಡು ವಯಸ್ಸು,
ರಾತ್ರಿಯಿಡೀ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸಿ
ಹಗಲು ಗೇರು ಕಲಿಯುವವಳು.
ಹಿಂದೆ ಹಾರ್ನೋ ಹಾರ್ನು.
"ಅವರಿಗೂ ಸೆಕೆ" ಎಂದಳು.

ಎರಡನೆಯ ಸಲ
ಕಂಡೆನ್ಸರಿಗೆ ಕಲ್ಲು ಬಡಿದಿದೆ ಎಂದ ರೊಕ್ಕೊ.
ಹೊಸದು ಅಡಿಲೇಡಿನಿಂದ ಬಸ್ಸಿನಲ್ಲಿ ಬಂತು,
ನನ್ನ ಟಿಕೆಟ್ಟಿಗಿಂತ ದುಬಾರಿ ಟಿಕೆಟ್ಟಿನಲ್ಲಿ.
ಅರ್ಧ ಗಂಟೆ ಪಂಪು ಹಚ್ಚಿ
ಒಳಗಿನ ಗಾಳಿಯನ್ನೆಲ್ಲ ಎಳೆದ.
ಮೀಟರಿನ ಮುಳ್ಳು ಕದಲಲಿಲ್ಲ.
"ನೋಡಮ್ಮ, ಭದ್ರ."
ಹದಿನಾರು ದಿನ.

ಮೂರನೆಯ ಸಲ ಹೋದಾಗ ಅವನೂ ನಗಲಿಲ್ಲ, ನಾನೂ.
ಗ್ಯಾಸಿನ ಜೊತೆ ಬಣ್ಣ ಬಿಟ್ಟಿದ್ದನಂತೆ ಹೋದ ಸಲವೇ.
ಶಟರ್ ಎಳೆದ, ದೀಪ ಆರಿಸಿದ,
ಹಳದಿ ಕನ್ನಡಕ ಏರಿಸಿ ನೇರಳೆ ಟಾರ್ಚು ಹಿಡಿದು
ಬಾನೆಟ್ಟಿನೊಳಕ್ಕೆ ಬಗ್ಗಿದ,
ಕಳೆದ ಮೂಗುಬೊಟ್ಟು ಹುಡುಕುವವರ ಹಾಗೆ.
ಪೈಪಿನ ಗಂಟುಗಂಟಿನಲ್ಲೂ ನಿಂತ.
ಏನೂ ಹೊಳೆಯಲಿಲ್ಲ.
ಕೊನೆಗೆ ಸೊಂಟ ಹಿಡಿದು ನೆಟ್ಟಗಾಗಿ,
ಇನ್ನು ಡ್ಯಾಶ್‌ಬೋರ್ಡು ಪೂರ್ತಿ ಬಿಚ್ಚಬೇಕು,
ಎರಡು ದಿನದ ಕೆಲಸ ಎಂದು
ಒಂದು ಮೊತ್ತ ಹೇಳಿದ.
ಕಾರು ಕೊಂಡಾಗ ನಾನು ಕೊಟ್ಟದ್ದು ಅದಕ್ಕಿಂತ ಸ್ವಲ್ಪವೇ ಹೆಚ್ಚು.

ಅಷ್ಟರಲ್ಲಿ ಪಾಠದ ಹೊತ್ತಾಯಿತೆಂದು
ಮಾಸುಮಾ ಅಲ್ಲಿಗೇ ಬಂದಿದ್ದಳು.
ಕತ್ತಲಲ್ಲಿ ನಿಂತು ನನ್ನ ಕೈ ತೋರಿಸಿದಳು:
"ನಿನ್ನ ಬೆರಳು ಯಾಕೆ ಹಸಿರು?"

ಆ ಪುಟ್ಟ ಕರಿಯ ಮುಚ್ಚಳ.
ಗ್ಯಾಸು ತುಂಬಿಸುವ ಬಾಯಿಯ ಮೇಲಿನದು.
ಅವನು ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದ,
ಹಿಡಿದುಕೊಂಡಿರು, ಕಳೆಯಬೇಡ ಎಂದು.

ರೊಕ್ಕೊ ಕನ್ನಡಕ ತೆಗೆದ.
ಟಾರ್ಚು, ಮೀಟರು, ಪಂಪು ಎಲ್ಲ ಬದಿಗಿಟ್ಟು
ಬೆರಳಿಗೆ ಎಂಜಲು ಹಚ್ಚಿ ಆ ಬಾಯಿಗೆ ಮುಟ್ಟಿಸಿದ,
ನಮ್ಮೂರ ಸೈಕಲ್ ಶಾಪಿನ ಹುಡುಗನ ಹಾಗೆ.
ಕಾದೆವು.
ಗುಳ್ಳೆ.
ಒಡೆಯಿತು. ಇನ್ನೊಂದು ಗುಳ್ಳೆ.

ಪರೀಕ್ಷೆಯ ಪೈಪು ಕಚ್ಚಿದಷ್ಟು ಹೊತ್ತು
ಆ ಬಾಯಿ ಪೈಪಿನೊಳಗೇ ಇರುತ್ತದೆ.
ಎಲ್ಲ ಕಳಚಿ, ರೊಕ್ಕ ಎಣಿಸಿ, ನಾನು ಮನೆಗೆ ಹೊರಟ ಮೇಲೆ
ಅದು ತನ್ನ ಪಾಡಿಗೆ ಉಸಿರಾಡತೊಡಗುತ್ತದೆ.
ತುಂಬಿದ ದಾರಿಯಲ್ಲೇ ಖಾಲಿಯಾಗುತ್ತಿತ್ತು ಕಾರು.
ಇದನ್ನು ನನ್ನ ಬದುಕಿಗೆ ಹೊಂದಿಸಿ ನೋಡುವ ಆಸೆ ಬಂತು.
ಸೆಕೆಯಲ್ಲಿ ಬೇಡವೆನಿಸಿ ಬಿಟ್ಟೆ.

ವಾಲ್ವಿನ ಸೂಜಿ ಅಕ್ಕಿಕಾಳಿಗಿಂತ ಒಂಚೂರು ಉದ್ದ.
ಅದಕ್ಕೆ ದುಡ್ಡು ಬೇಡ ಎಂದ.
ಕೂಲಿಗೆ, ಗ್ಯಾಸಿಗೆ ಪೂರಾ ಹಾಕಿದ.
ಹೆಸರು ಉಳಿಸಿಕೊಂಡ.

ಇವತ್ತಿಗೆ ನಲವತ್ತನೆಯ ದಿನ.
ಹೊರಗೆ ನಲವತ್ಮೂರು ಡಿಗ್ರಿ, ಒಳಗೆ ಕೊಡದ ನೀರಿನ ತಣ್ಪು.
ಮಾಸುಮಾ ರೌಂಡಬೌಟು ಸಲೀಸಾಗಿ ದಾಟಿದಳು,
ಕನ್ನಡಿ ನೋಡಿದಳು, ಮೂರನೆಯ ಗೇರಿಗೆ ಹಾಕಿದಳು,
ಆಮೇಲೆ ನನ್ನ ಕಡೆ ತಿರುಗದೆಯೇ
"ಚಳಿ" ಎಂದು
ಕಿಟಕಿ ಇಳಿಸಿದಳು.
ಬಿಸಿಗಾಳಿ ನುಗ್ಗಿತು,
ಅದರ ಬೆನ್ನಿಗೆ, ಮೈಲಿಗಟ್ಟಲೆ
ಹಂದರದಲ್ಲಿ ಒಣಗುತ್ತಿದ್ದ ದ್ರಾಕ್ಷಿಯ ವಾಸನೆ.